ಬೆರಳು ಎತ್ತುವ ಮೊದಲು

ಊರಿನ ಟೆನಿಸ್‌ಬಾಲ್ ಟೂರ್ನಮೆಂಟಿನಲ್ಲಿ ಅಂಪೈರ್ ಆಗುವವನು ಯಾರು? ಬ್ಯಾಟಿಂಗ್ ತಂಡದಲ್ಲಿ ಆಗಲೇ ಔಟಾಗಿ ಬಂದವನು, ಇಲ್ಲವೇ ಕೊನೆಯಲ್ಲಿ ಆಡಬೇಕಾದವನು. ‘ಹೋಗೋ, ಸ್ವಲ್ಪ ಹೊತ್ತು ನಿಂತ್ಕೊ’ ಎಂದು ಕಳಿಸುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಒಂದು ರನೌಟಿಗೆ ಜಗಳ ಹತ್ತಿಕೊಂಡು, ನಿಂತ ಹುಡುಗ ಮೋಸಗಾರ ಎನಿಸಿಕೊಳ್ಳುತ್ತಾನೆ. ಬಹಳ ಸಲ ಅವನು ಮೋಸ ಮಾಡಿರುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಏನನ್ನು ನೋಡಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಬ್ಯಾಟಿಂಗನ್ನು ಕಲಿಯುವಂತೆ ಅಂಪೈರಿಂಗನ್ನೂ ಕಲಿಯಬೇಕು, ಕಲಿಯಬಹುದು. ಅದಕ್ಕೆ ಅಡ್ಡ ನಿಂತಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ದೊಡ್ಡ ಮಟ್ಟದಲ್ಲಿ ಆಡಿದವರೇ ಒಳ್ಳೆಯ ಅಂಪೈರ್ ಆಗಬಲ್ಲರು.

ಸತ್ಯ: ಆಸ್ಟ್ರೇಲಿಯಾದ ಸೈಮನ್ ಟೌಫೆಲ್ ಒಂದೂ ಪ್ರಥಮ ದರ್ಜೆ ಪಂದ್ಯ ಆಡಿದವರಲ್ಲ. ಆದರೂ 2004ರಿಂದ 2008ರವರೆಗೆ ಸತತ ಐದು ವರ್ಷ ಐಸಿಸಿಯ ವರ್ಷದ ಅಂಪೈರ್ ಪ್ರಶಸ್ತಿ ಅವರಿಗೇ ಬಂತು. ಆಟಗಾರ ಚೆಂಡಿನ ಹಿಂದೆ ಹೋಗುತ್ತಾನೆ. ಅಂಪೈರ್ ಚೆಂಡಿನ ಜೊತೆಗೆ ಗೆರೆ, ಕಾಲು, ಬ್ಯಾಟು, ಬೇಲ್ಸ್‌ಗಳನ್ನೂ ಸರಿಯಾದ ಕ್ರಮದಲ್ಲಿ ನೋಡಬೇಕು. ಎರಡೂ ಬೇರೆ ಬೇರೆ ವಿದ್ಯೆ. ಇದು ಗಂಡಸರ ಕೆಲಸವೆಂಬ ಮಾತಿಗೂ ಆಧಾರವಿಲ್ಲ. 2023ರ ಜನವರಿಯಲ್ಲಿ ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ರಣಜಿ ಟ್ರೋಫಿ ಪಂದ್ಯಗಳಲ್ಲಿ ಅಂಪೈರ್‌ಗಳಾಗಿ ನಿಂತರು.

ತಪ್ಪು ಕಲ್ಪನೆ: ನಿಯಮ ಪುಸ್ತಕ ಬಾಯಿಪಾಠವಾದರೆ ಸಾಕು.

ಸತ್ಯ: ಓದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬ್ಯಾಟು ಗೆರೆಯ ಮೇಲಿದ್ದರೆ ನಾಟೌಟ್ ಎಂದು ವಾದಿಸುವವರು ಇಂದಿಗೂ ಇದ್ದಾರೆ. ನಿಯಮದ ಪ್ರಕಾರ ಬ್ಯಾಟಿನ ಅಥವಾ ದೇಹದ ಒಂದು ಭಾಗ ಗೆರೆ ದಾಟಿ ಒಳಗೆ ನೆಲ ಮುಟ್ಟಿರಬೇಕು. ಯಾರೂ ಅಪೀಲು ಮಾಡದಿದ್ದರೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ ಎಂಬುದೂ ಹಲವರಿಗೆ ಗೊತ್ತಿಲ್ಲ.

ಆದರೆ ಗೊತ್ತಿರುವ ನಿಯಮವೂ ಆ ಕ್ಷಣದಲ್ಲಿ ಕೈಗೆ ಸಿಗದೆ ಹೋಗಬಹುದು. 2019ರ ಜುಲೈ 14, ಲಾರ್ಡ್ಸ್, ವಿಶ್ವಕಪ್ ಫೈನಲ್ಲಿನ ಕೊನೆಯ ಓವರ್. ಫೀಲ್ಡರ್ ಗಪ್ಟಿಲ್ ಎಸೆದ ಚೆಂಡು, ಕ್ರೀಸ್ ಮುಟ್ಟಲು ಹಾರಿದ ಬೆನ್ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಯಿತು. ಅಂಪೈರ್‌ಗಳು ಆರು ರನ್ ಕೊಟ್ಟರು. ಓಡುತ್ತಿದ್ದ ರನ್ ಲೆಕ್ಕಕ್ಕೆ ಬರಬೇಕಾದರೆ ಚೆಂಡು ಫೀಲ್ಡರನ ಕೈಬಿಟ್ಟ ಗಳಿಗೆಯಲ್ಲಿ ಬ್ಯಾಟರುಗಳು ಒಬ್ಬರನ್ನೊಬ್ಬರು ದಾಟಿರಬೇಕು. ಎರಡನೆಯ ರನ್ನಿಗೆ ಅವರು ಇನ್ನೂ ದಾಟಿರಲಿಲ್ಲ. ಐದೇ ರನ್ ಆಗಬೇಕಿತ್ತು. ಇದನ್ನು ಬಹಿರಂಗವಾಗಿ ಹೇಳಿದವರು ಅದೇ ಟೌಫೆಲ್. ಆ ಅಂಪೈರ್‌ಗಳಿಗೆ ನಿಯಮ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯ. ಮೊದಲ ರನ್ ಪೂರ್ತಿಯಾಯಿತೇ ಎಂದು ನೋಡಿ, ಚೆಂಡು ಹೆಕ್ಕುವುದನ್ನು ನೋಡಿ, ಎಸೆಯುವುದನ್ನು ನೋಡಿ, ಅದೇ ಗಳಿಗೆಯಲ್ಲಿ ಓಡುವವರಿಬ್ಬರೂ ಎಲ್ಲಿದ್ದಾರೆಂದು ಹಿಡಿಯಬೇಕಿತ್ತು. ಕಣ್ಣಿನ ಈ ಓಡಾಟ ಪುಸ್ತಕದಿಂದ ಬರುವುದಿಲ್ಲ. ಫೀಲ್ಡರನ ಕೈಗೆ ಚೆಂಡು ಸಿಕ್ಕಾಗಲೆಲ್ಲ ಓಡುವವರತ್ತ ಒಮ್ಮೆ ಕಣ್ಣು ಹಾಯಿಸುವುದನ್ನು ನೆಟ್ಸ್‌ನಲ್ಲಿ, ಅಭ್ಯಾಸ ಪಂದ್ಯಗಳಲ್ಲಿ ರೂಢಿ ಮಾಡಿಕೊಳ್ಳಬೇಕು.

ತಪ್ಪು ಕಲ್ಪನೆ: ಕಣ್ಣು ಚುರುಕಿದ್ದರೆ ಎಲ್ಲಿ ನಿಂತರೂ ನಡೆಯುತ್ತದೆ.

ಸತ್ಯ: ರನೌಟಿನ ತೀರ್ಪು ಅರ್ಧಪಾಲು ಕಾಲಿನಲ್ಲಿದೆ. ಬೌಲರ್ ತುದಿಯ ಅಂಪೈರ್ ಸ್ಟಂಪಿನ ಹಿಂದೆಯೇ ನಿಂತರೆ ಬ್ಯಾಟು ಗೆರೆ ದಾಟಿತೋ ಇಲ್ಲವೋ ತಿಳಿಯುವುದಿಲ್ಲ. ಚೆಂಡು ಹೋದ ಕಡೆಗೇ ಓಡಿ, ಗೆರೆಯ ನೇರಕ್ಕೆ ಪಕ್ಕದಲ್ಲಿ ನಿಲ್ಲಬೇಕು. ಓಡುತ್ತಾ ನೋಡಿದರೆ ದೃಶ್ಯ ಅಲುಗುತ್ತದೆ. ಬೇಲ್ಸ್ ಬೀಳುವ ಹೊತ್ತಿಗೆ ದೇಹ ನಿಂತಿರಬೇಕು, ತಲೆ ಕದಲಬಾರದು. ಎರಡು ಹೆಜ್ಜೆ ಕಡಿಮೆ ಓಡಿದರೂ ಪರವಾಗಿಲ್ಲ, ನಿಂತು ನೋಡಬೇಕು.

ತಪ್ಪು ಕಲ್ಪನೆ: ಥಟ್ಟನೆ ಬೆರಳು ಎತ್ತುವುದೇ ಧೈರ್ಯ.

ಸತ್ಯ: ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ಬ್ಯಾಟರನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ನೋಡುವುದಕ್ಕೆ ಸಿಗುವುದು ಅಷ್ಟೇ ಹೊತ್ತು, ಯೋಚಿಸುವುದಕ್ಕೆ ಅಂಥ ಕಟ್ಟಿಲ್ಲ. ಎಲ್‌ಬಿಡಬ್ಲ್ಯು ಅಪೀಲು ಬಂದಾಗ ಪಳಗಿದ ಅಂಪೈರ್ ಕಂಡದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓಡಿಸಿ, ತನ್ನನ್ನೇ ಕೇಳಿಕೊಳ್ಳುತ್ತಾನೆ: ನೋಬಾಲ್ ಆಗಿತ್ತೇ? ಲೆಗ್ ಸ್ಟಂಪಿನ ಆಚೆ ಪಿಚ್ ಆಯಿತೇ? ಮೊದಲು ಬ್ಯಾಟಿಗೆ ತಗುಲಿತೇ? ಸ್ಟಂಪುಗಳ ನೇರಕ್ಕೆ ಬಡಿಯಿತೇ? ತಡೆಯದಿದ್ದರೆ ಸ್ಟಂಪಿಗೆ ಹೋಗುತ್ತಿತ್ತೇ? ಪ್ರತಿ ಸಲವೂ ಇದೇ ಕ್ರಮ. ಜಮೈಕಾದ ಸ್ಟೀವ್ ಬಕ್ನರ್ ಬೆರಳು ಎತ್ತುವ ಮೊದಲು ತೆಗೆದುಕೊಳ್ಳುತ್ತಿದ್ದ ಸಮಯ ಹಳೆಯ ಕ್ರಿಕೆಟ್ ಪ್ರಿಯರಿಗೆ ನೆನಪಿರುತ್ತದೆ.

ತಪ್ಪು ಕಲ್ಪನೆ: ಪ್ರಾಮಾಣಿಕ ವ್ಯಕ್ತಿಗೆ ಪ್ರೇಕ್ಷಕರ ಗದ್ದಲ ತಾಗುವುದಿಲ್ಲ.

ಸತ್ಯ: ತಾಗುತ್ತದೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ಅರ್ಹ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಲಾಯಿತು; ಕೆಲವರಿಗೆ ಗದ್ದಲದ ಸಮೇತ, ಕೆಲವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ಆತಿಥೇಯ ತಂಡದ ವಿರುದ್ಧ ಕಡಿಮೆ ಫೌಲ್ ಕೊಟ್ಟರು. ಅವರು ಯಾರ ಹಂಗಿನಲ್ಲೂ ಇರಲಿಲ್ಲ. ಕಿವಿ ಕಣ್ಣಿನ ಕೆಲಸಕ್ಕೆ ಕೈ ಹಾಕಿತ್ತು.

ತೀರ್ಪು ಆತಿಥೇಯರತ್ತ ವಾಲುವ ಈ ಅಪಾಯಕ್ಕೆ ಕ್ರಿಕೆಟ್ ಪರಿಹಾರ ಹುಡುಕುತ್ತಾ ಬಂದಿದೆ. 1986ರಲ್ಲಿ ಲಾಹೋರಿನ ಪಾಕಿಸ್ತಾನ–ವೆಸ್ಟ್ ಇಂಡೀಸ್ ಟೆಸ್ಟ್‌ಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅಂಪೈರ್‌ಗಳಾಗಿ ಹೋದರು. 1994ರಿಂದ ಪ್ರತಿ ಟೆಸ್ಟ್‌ಗೆ ಒಬ್ಬರು ಹೊರದೇಶದವರು, 2002ರಿಂದ ಇಬ್ಬರೂ ಹೊರದೇಶದವರು ಎಂಬ ಪದ್ಧತಿ ಬಂತು. ಒಬ್ಬರು ಮನೆಯವರು, ಒಬ್ಬರು ಹೊರಗಿನವರು ಎಂಬ ಆ ನಡುಗಾಲದಲ್ಲೇ, 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು. ಅಂದು ನಿಂತಿದ್ದವರು ಬಕ್ನರ್ ಮತ್ತು ನಮ್ಮ ಕರ್ನಾಟಕದ ಎ.ವಿ. ಜಯಪ್ರಕಾಶ್. ಆ ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು. ತಮ್ಮದೇ ರಾಜ್ಯದ ಬೌಲರ್ ಇತಿಹಾಸದ ಅಂಚಿನಲ್ಲಿರುವಾಗ, ಇಡೀ ಕೋಟ್ಲಾ ಕೂಗುತ್ತಿರುವಾಗ, ಕಂಡದ್ದನ್ನು ಮಾತ್ರ ನಂಬಿ ನಿಲ್ಲುವುದೆಂದರೆ ಎಷ್ಟು ಭಾರವೆಂದು ಊಹಿಸಿ. ಗದ್ದಲ ನನಗೂ ತಾಗುತ್ತದೆ ಎಂದು ಒಪ್ಪಿಕೊಂಡವನಿಗೆ ಅದನ್ನು ತಡೆಯುವ ದಾರಿ ಸಿಗುತ್ತದೆ. ಕೂಗು ಇಳಿಯುವವರೆಗೆ ಒಂದು ಉಸಿರು ಕಾಯುವುದು ಅಂಥ ಒಂದು ದಾರಿ.

ತಪ್ಪು ಕಲ್ಪನೆ: ದಿನವಿಡೀ ಒಂದೇ ಸಮನೆ ಏಕಾಗ್ರತೆ ಬೇಕು.

ಸತ್ಯ: 90 ಓವರಿನ ದಿನವೆಂದರೆ 540 ಎಸೆತ. ಅಷ್ಟು ಹೊತ್ತು ಮನಸ್ಸನ್ನು ಬಿಗಿಹಿಡಿದವನು ಸಂಜೆಗೆ ಸೋತಿರುತ್ತಾನೆ. ಬೌಲರ್ ಓಟ ಶುರುಮಾಡಿದಾಗ ಮನಸ್ಸನ್ನು ಬಿಗಿ ಮಾಡಿ, ಚೆಂಡು ಡೆಡ್ ಆದ ಮೇಲೆ ಸಡಿಲ ಬಿಡುವುದು ಕಲಿಯಬೇಕಾದ ಲಯ. ಎಸೆತ ಎಣಿಸುವ ಕೆಲಸವನ್ನು ಕೈಗೆ ಒಪ್ಪಿಸಿದರೆ ತಲೆ ಹಗುರಾಗುತ್ತದೆ.

ತಪ್ಪು ಕಲ್ಪನೆ: ಕೊಟ್ಟ ತೀರ್ಪು ಬದಲಿಸಿದರೆ ಮರ್ಯಾದೆ ಹೋಗುತ್ತದೆ.

ಸತ್ಯ: ತಡಮಾಡದೆ ತೀರ್ಪು ಬದಲಿಸಲು ನಿಯಮವೇ ಅವಕಾಶ ಕೊಟ್ಟಿದೆ. ನೋಟಕ್ಕೆ ಅಡ್ಡ ಬಂದಿದ್ದರೆ ಸ್ಕ್ವೇರ್ ಲೆಗ್ಗಿನ ಜೊತೆಗಾರನನ್ನು ಕೇಳಬಹುದು. ಮರ್ಯಾದೆ ಕಳೆಯುವುದು ಬೇರೆಯೇ ಒಂದು ಚಾಳಿ: ಆ ತಂಡಕ್ಕೆ ತಪ್ಪು ಕೊಟ್ಟೆ, ಈ ತಂಡಕ್ಕೂ ಒಂದು ಕೊಟ್ಟು ಸಮ ಮಾಡುತ್ತೇನೆ ಎಂಬುದು. ಮೊದಲನೆಯದು ಕಣ್ಣಿನ ತಪ್ಪು. ಎರಡನೆಯದು ಗೊತ್ತಿದ್ದೂ ಮಾಡಿದ್ದು. ಆದ ತಪ್ಪನ್ನು ಸಂಜೆ ಬರೆದಿಟ್ಟುಕೊಂಡು, ಎಲ್ಲಿ ನಿಂತಿದ್ದೆ, ಏನು ನೋಡುತ್ತಿದ್ದೆ ಎಂದು ತಿದ್ದಿಕೊಳ್ಳಬೇಕು. ಮುಂದಿನ ಚೆಂಡು ಬರುವಾಗ ಅದು ತಲೆಯಲ್ಲಿರಬಾರದು.

ಗಂಭೀರವಾಗಿ ಮುಂದುವರಿಯಬೇಕೆನ್ನುವವರಿಗೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಂಪೈರ್ ಪರೀಕ್ಷೆಯಿದೆ. ಆದರೆ ಆರಂಭ ಊರಿನ ಮೈದಾನದಲ್ಲೇ ಆಗಬಹುದು. ಅಲ್ಲಿ ಮೂರನೇ ಅಂಪೈರ್ ಇಲ್ಲ, ರೀಪ್ಲೇ ಇಲ್ಲ. ಆಟದ ಸಂತೋಷ ಉಳಿಯುವುದೂ ಕೆಡುವುದೂ ನಿಂತವನ ಕೈಯಲ್ಲಿ. ಮುಂದಿನ ಭಾನುವಾರ ‘ಸ್ವಲ್ಪ ಹೊತ್ತು ನಿಂತ್ಕೊ’ ಎಂದು ನಿಮ್ಮನ್ನು ಕಳಿಸಿದರೆ, ಹೋಗುವ ದಾರಿಯಲ್ಲಿ ಆರು ಸಣ್ಣ ಕಲ್ಲು ಆರಿಸಿಕೊಳ್ಳಿ. ಒಂದೊಂದು ಎಸೆತಕ್ಕೆ ಒಂದೊಂದನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕಿ. ಎಣಿಕೆಯನ್ನು ಕಲ್ಲು ನೋಡಿಕೊಳ್ಳಲಿ, ನೀವು ಗೆರೆಯನ್ನು ನೋಡಿ.