ಜೈಲಿನ ಮೊಬೈಲಿಗೆ ಮೂರು ವರ್ಷ: ಬಿಲ್ ಕಟ್ಟೋರು ಯಾರು?

ಕೈದಿಯ ಹತ್ತಿರ ಮೊಬೈಲ್ ಸಿಕ್ಕರೆ ಏನು ಮಾಡಬೇಕು? ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಅಂತಿಮಗೊಳಿಸಿದ ಮಾದರಿ ಕಾರಾಗೃಹ ಕಾಯ್ದೆಯ ಉತ್ತರ: ಮೂರು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಕಾರಾಗೃಹ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಇದನ್ನು ಒಪ್ಪೋದು, ಬಿಡೋದು, ಖರ್ಚು ಹೊರೋದು ಎಲ್ಲ ರಾಜ್ಯಗಳಿಗೆ ಸೇರಿದ್ದು.

ಜೈಲಿನಿಂದಲೇ ಸುಲಿಗೆ ಕರೆ ಮಾಡುವವರು, ಸಾಕ್ಷಿಗಳನ್ನು ಬೆದರಿಸುವವರು ಇದ್ದಾರೆ. ಅವರ ಮೇಲೆ ಕೇಸ್ ಹಾಕಲು ಸುಲಿಗೆ, ಬೆದರಿಕೆಯ ಕಾನೂನುಗಳು ಈಗಲೇ ಇವೆ. ಹೊಸ ಅಪರಾಧದ ಬಲೆಗೆ ಬೀಳೋರಲ್ಲಿ ಹೆಂಡತಿಗೋ ತಾಯಿಗೋ ಫೋನ್ ಮಾಡಿದವರೂ ಇರುತ್ತಾರೆ.

1894ರ ಕಾರಾಗೃಹ ಕಾಯ್ದೆಯಲ್ಲಿ ‘ಜೈಲು ಅಪರಾಧ’ ಅನ್ನೋ ಪ್ರತ್ಯೇಕ ವರ್ಗ ಇದೆ. ಶಿಸ್ತು ಮೀರಿದರೆ ಸೂಪರಿಂಟೆಂಡೆಂಟ್ ವಿಚಾರಿಸಿ, ಶಿಕ್ಷೆ ವಿನಾಯಿತಿಗೆ ಸಂಬಂಧಿಸಿದ ಸೌಲಭ್ಯ ಕಡಿತ ಮಾಡಬಹುದು. ಕೆಲಸ ಜೈಲಿನ ಗೋಡೆಯೊಳಗೇ ಮುಗಿಯುತ್ತದೆ.

ಅದನ್ನೇ ಕೋರ್ಟಿಗೆ ಹೋಗುವ ಅಪರಾಧ ಮಾಡಿ ನೋಡಿ. ಎಫ್‌ಐಆರ್, ಮಹಜರು, ಕರೆ ವಿವರ, ಚಾರ್ಜ್‌ಶೀಟ್, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇನ್ನೊಂದು ಫೈಲು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರ ಹಕ್ಕಿದೆ. ಆ ಶುಲ್ಕವೂ ಸರ್ಕಾರದ್ದೇ. ವಿಡಿಯೊ ವಿಚಾರಣೆ ಇಲ್ಲದ ದಿನ ವ್ಯಾನು, ಬೆಂಗಾವಲು ಪೊಲೀಸರು ಬೇರೆ.

ಕಣ್ಣಿಗೆ ಬೀಳದ ದೊಡ್ಡ ಖರ್ಚು ಜಾಮೀನಿನದ್ದು. ಮೂರು ವರ್ಷದವರೆಗೆ ಶಿಕ್ಷೆಯಿರುವ ವಿಶೇಷ ಕಾಯ್ದೆಯ ಅಪರಾಧ, ಆ ಕಾಯ್ದೆಯೇ ಬೇರೆ ಹೇಳದಿದ್ದರೆ, ಜಾಮೀನುರಹಿತ. ಕಾಪಿರೈಟ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದು ಇದನ್ನೇ. ಅಂದರೆ ಮೂಲ ಕೇಸಿನಲ್ಲಿ ಜಾಮೀನು ಸಿಕ್ಕ ವಿಚಾರಣಾಧೀನ ಕೈದಿ ಮೊಬೈಲ್ ಕೇಸಿಗಾಗಿ ಒಳಗೇ ಉಳಿಯಬಹುದು.

ಇಂಜಿನಿಯರಿಂಗ್ ಓದಿದವರಿಗೆ ಇದು ಸರಳ ಕ್ಯೂ ಲೆಕ್ಕ. ವರ್ಷಕ್ಕೆ 1,000 ಕೇಸ್ ದಾಖಲಾಗಿ, ಪ್ರತಿಯೊಂದರಿಂದ ಸರಾಸರಿ 90 ದಿನ ಹೆಚ್ಚುವರಿ ಜೈಲು ಅಂತ ಇಟ್ಟುಕೊಳ್ಳಿ. 90,000 ದಿನಗಳಾಯಿತು. 365ರಿಂದ ಭಾಗಿಸಿದರೆ ಯಾವುದೇ ದಿನ ಸುಮಾರು 247 ಹೆಚ್ಚುವರಿ ಕೈದಿಗಳು. ಅವರಿಗೆ ಊಟ, ಔಷಧಿ, ಜಾಗ, ಕಾವಲು ಬೇಕು.

ಜಾಗ ಎಲ್ಲಿದೆ? ಎನ್‌ಸಿಆರ್‌ಬಿ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳ ಸಾಮರ್ಥ್ಯ 4,36,266; ಒಳಗಿದ್ದವರು 5,73,220. ನಾಲ್ವರಲ್ಲಿ ಮೂವರು ವಿಚಾರಣಾಧೀನರು.

ಕರ್ನಾಟಕದ ಮಸೂದೆಗಳ ಜೊತೆ ‘ಆರ್ಥಿಕ ಜ್ಞಾಪನ ಪತ್ರ’ ಇರುತ್ತದೆ. ಬಹಳ ಸಲ ಅದರಲ್ಲಿರೋದು ‘ಹೆಚ್ಚುವರಿ ವೆಚ್ಚವಿಲ್ಲ’ ಅನ್ನೋ ಒಂದೇ ಸಾಲು. ಹೊಸ ಕಾನೂನಿನಿಂದ ಕೋರ್ಟುಗಳ ಮೇಲೆ ಬೀಳುವ ಹೊರೆಯನ್ನು ಮೊದಲೇ ಅಂದಾಜು ಮಾಡಬೇಕೆಂದು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅಧ್ಯಕ್ಷತೆಯ ಕಾರ್ಯಪಡೆ 2008ರಲ್ಲೇ ವರದಿ ಕೊಟ್ಟಿತ್ತು. ಅಮೆರಿಕದ ವರ್ಜೀನಿಯಾದಲ್ಲಿ ಜೈಲುವಾಸ ಹೆಚ್ಚಿಸುವ ಮಸೂದೆಗೆ ವೆಚ್ಚದ ಅಂದಾಜು ಕಡ್ಡಾಯ. ಲೆಕ್ಕ ಸಿಗದಿದ್ದರೂ ಕನಿಷ್ಠ 50,000 ಡಾಲರ್ ಅಂತ ಹಿಡಿಯುತ್ತಾರೆ. ‘ಗೊತ್ತಿಲ್ಲ’ ಅಂದರೆ ‘ಸೊನ್ನೆ’ ಅಲ್ಲ ಅನ್ನೋದು ಅಲ್ಲಿನ ತಿಳಿವಳಿಕೆ.

ಇಷ್ಟಾದರೂ ಮೊಬೈಲ್ ನಿಲ್ಲುತ್ತದಾ? ಮೊಬೈಲ್ ಗೋಡೆಯೊಳಗೆ ಹುಟ್ಟೋದಿಲ್ಲ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದೊಳಗಿನ ನಟ ದರ್ಶನ್ ಫೋಟೊ ಹೊರಬಂದಾಗ ಜೈಲು ಸಿಬ್ಬಂದಿ ಅಮಾನತಾದರು. ಗೇಟಿನ ತಪಾಸಣೆ ಬಿಗಿ ಮಾಡಿ, ಜೈಲಿನ ಅಧಿಕೃತ ಫೋನಿನಲ್ಲಿ ಮನೆಯವರ ಜೊತೆ ಮಾತಾಡುವ ಸಮಯ ಹೆಚ್ಚಿಸಿದರೆ ಕಳ್ಳ ಫೋನಿನ ಬೇಡಿಕೆಯೇ ಇಳಿಯುತ್ತದೆ. ಅದಕ್ಕೂ ದುಡ್ಡು ಬೇಕು, ನಿಜ. ಆದರೆ ಎರಡೂ ದಾರಿಯ ಖರ್ಚನ್ನು ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಶಾಸಕರು ಕೈ ಎತ್ತಲಿ. ನಾವು ಕೇಳಬೇಕಾದದ್ದು ಇಷ್ಟೇ.