ಕಟ್ಟಿಕೊಂಡ ಶಾಯಿ ಬಿಡಿಸುವವರು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ನಡುವೆ ಒಬ್ಬರೇ ಹತ್ತಬಹುದಾದಷ್ಟು ಕಿರಿದಾದ ಮೆಟ್ಟಿಲು, ಮೇಲೆ ಒಂದು ಪುಟ್ಟ ಕೋಣೆ. ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ನಾಲ್ಕೈದು ಪ್ರಿಂಟರುಗಳು, ಔಷಧಿ ಅಂಗಡಿಯ ಸಿರಿಂಜುಗಳು, ಬ್ಯಾಟರಿ ನೀರಿನ ಕ್ಯಾನು. ಕೆಲಸ ಮಾಡುವವರ ಬೆರಳ ತುದಿಗಳಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ, ಕೆಂಪು, ಹಳದಿ.

ನಾನು ಅಲ್ಲಿಗೆ ಹೋದದ್ದು ನಮ್ಮ ಮನೆಯ ಪ್ರಿಂಟರ್ ಹೊತ್ತುಕೊಂಡು. ಬೇಸಿಗೆ ರಜೆಯಲ್ಲಿ ಒಂದೂವರೆ ತಿಂಗಳು ಊರಲ್ಲಿದ್ದು ಬಂದಿದ್ದೆವು. ಮಗಳ ಪ್ರಾಜೆಕ್ಟ್ ಪ್ರಿಂಟ್ ಕೊಟ್ಟರೆ ಅಕ್ಷರಗಳ ಮೈತುಂಬ ಬಿಳಿ ಗೆರೆ, ಚಿತ್ರದಲ್ಲಿ ಕೆಂಪೇ ಇಲ್ಲ. ಮನೆ ಹತ್ತಿರದ ಅಂಗಡಿಯವರು ನೋಡಿ, ‘ಹೆಡ್ ಹೋಗಿದೆ, ಹೊಸ ಪ್ರಿಂಟರೇ ತಗೊಳ್ಳಿ’ ಎಂದುಬಿಟ್ಟರು. ಎಸ್.ಪಿ. ರಸ್ತೆಯ ಈ ರಿಪೇರಿಯವರು ಒಂದು ಹಾಳೆ ತೆಗೆದು ಬೆಳಕಿಗೆ ಹಿಡಿದು, ‘ಹೆಡ್ ಹೋಗಿಲ್ಲ ಸಾರ್, ಒಣಗಿದೆ. ಇವತ್ತು ಬಿಟ್ಟು ಹೋಗಿ, ನಾಳೆ ಸಂಜೆ ಬನ್ನಿ’ ಅಂದರು. ‘ಹೋಗಿದೆ’ ಮತ್ತು ‘ಒಣಗಿದೆ’ ಎಂಬೆರಡು ಮಾತುಗಳ ಅಂತರವನ್ನು ಬಲ್ಲವರು ಇವರು. ಈ ಕಸುಬಿನ ಬಗ್ಗೆ ಬರೆಯಬೇಕೆನ್ನಿಸಿದ್ದು ಅದರಿಂದಲೇ.

ಹೆಡ್ ಎಂದರೆ ಪ್ರಿಂಟರಿನೊಳಗೆ ಅತ್ತಿಂದಿತ್ತ ಓಡಾಡುತ್ತ ಕಾಗದದ ಮೇಲೆ ಶಾಯಿ ಚಿಮ್ಮಿಸುವ ಭಾಗ. ಅದರ ತಳದಲ್ಲಿ ಕೂದಲೆಳೆಗಿಂತ ಸಪೂರವಾದ ರಂಧ್ರಗಳ ಸಾಲು, ಇವರ ಬಾಯಲ್ಲಿ ‘ನಾಝಲ್’. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎಪ್ಸನ್ ಎಲ್3110ನಲ್ಲಿ ಕಪ್ಪಿಗೆ 180 ನಾಝಲ್, ಉಳಿದ ಒಂದೊಂದು ಬಣ್ಣಕ್ಕೂ 59. ಅಲ್ಲಿಂದ ಬೀಳುವ ಅತಿ ಸಣ್ಣ ಹನಿ 3 ಪಿಕೋಲೀಟರ್; ಅಂಥ ಹನಿಗಳು ಸುಮಾರು 33 ಕೋಟಿ ಕೂಡಿದರೆ ಒಂದು ಮಿಲಿಲೀಟರ್ ಶಾಯಿ. ಇಷ್ಟು ಸಣ್ಣ ಬಾಯಲ್ಲಿ ನೀರಿನಂಶ ಆರಿತೆಂದರೆ ಬಣ್ಣವೇ ಬಿರಡೆಯಾಗಿ ಕೂರುತ್ತದೆ. ಇಂಕ್ ಪೆನ್ನನ್ನು ರಜೆಯಿಡೀ ಮುಚ್ಚಳವಿಲ್ಲದೆ ಬಿಟ್ಟು ಆಮೇಲೆ ನಿಬ್ಬನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದ ಅನುಭವ ಇರುವವರಿಗೆ ರೋಗವೂ ಮದ್ದೂ ಎರಡೂ ಗೊತ್ತಿರುವುದೇ.

ಹೀಗೆ ಶಾಯಿ ಚಿಮ್ಮಿಸುವ ಪ್ರಿಂಟರುಗಳಲ್ಲಿ ಒಂದು ಬಗೆಯ ಹುಟ್ಟಿನಲ್ಲೂ ಸಿರಿಂಜಿದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಸಾಲ್ಡರಿಂಗ್ ಐರನ್ ತಗುಲಿ ಶಾಯಿ ಚಿಮ್ಮಿತು. ಕಾವಿಗೆ ಗುಳ್ಳೆಯೆದ್ದು ಶಾಯಿಯನ್ನು ಹೊರದಬ್ಬುವ ‘ಬಬಲ್ ಜೆಟ್’ ಬಂದದ್ದು ಹಾಗೆ. ಎಚ್‌ಪಿ ಕೂಡ ಅದೇ ಕಾಲದಲ್ಲಿ ಬೇರೆಯಾಗಿಯೇ ಕಾವಿನ ದಾರಿ ಹಿಡಿದು 1984ರಲ್ಲಿ ಥಿಂಕ್‌ಜೆಟ್ ತಂದಿತು. ಎಪ್ಸನ್ ಕಾವನ್ನು ಬಿಟ್ಟು, ವಿದ್ಯುತ್ ತಾಕಿದರೆ ಬಾಗುವ ಪೀಝೋ ಪದರವನ್ನು ನಂಬಿತು. ರಿಪೇರಿಯವರಿಗೆ ಈ ಭೇದ ಮುಖ್ಯ. ಕಾವಿನ ಹೆಡ್ಡಿಗೆ ಹರಿಯುವ ಶಾಯಿಯೇ ತಂಪು. ಶಾಯಿ ಬಾರದಿದ್ದರೂ ಪ್ರಿಂಟ್ ಕೊಡುತ್ತಲೇ ಹೋದರೆ ಅದು ಸುಟ್ಟುಹೋಗುತ್ತದೆ.

ಚಿಕಿತ್ಸೆ ಶುರುವಾಗುವುದು ಕಣ್ಣಿನಿಂದ. ನಾಝಲ್ ಚೆಕ್ ಹಾಳೆಯಲ್ಲಿ ಮೆಟ್ಟಿಲಿನಂತೆ ಸಣ್ಣ ಗೆರೆಗಳು ಮೂಡುತ್ತವೆ, ನಾಝಲ್‌ಗೊಂದು. ಎಲ್ಲಿ ಗೆರೆ ತಪ್ಪಿದೆಯೋ ಅಲ್ಲಿ ಬಾಯಿ ಕಟ್ಟಿದೆ ಎಂದು ನಾನು ತಿಳಿದಿದ್ದೆ. ಆದರೆ ಇವರು ಅಂಥ ಮೂರು ಹಾಳೆ ತೆಗೆದು ಪಕ್ಕಪಕ್ಕದಲ್ಲಿಟ್ಟರು. ಮೂರರಲ್ಲೂ ಒಂದೇ ಜಾಗದಲ್ಲಿ ಗೆರೆ ತಪ್ಪಿದ್ದರೆ ಶಾಯಿ ಒಣಗಿದೆ. ತಪ್ಪಿದ ಜಾಗ ಹಾಳೆಯಿಂದ ಹಾಳೆಗೆ ಬದಲಾಗುತ್ತಿದ್ದರೆ ಒಣಗಿದ್ದಲ್ಲ, ಕೊಳವೆಗೆ ಗಾಳಿ ಹೊಕ್ಕಿದೆ ಅಥವಾ ಶಾಯಿ ಸಾಲದೆ ಬರುತ್ತಿದೆ. ಅಂಥದ್ದನ್ನು ತಿಕ್ಕಿ ತೊಳೆದು ಪ್ರಯೋಜನವಿಲ್ಲ. ಎಷ್ಟೋ ಪ್ರಿಂಟರುಗಳು ಗುಜರಿಗೆ ಬೀಳುವುದು ಈ ಮೂರು ಹಾಳೆಗಳನ್ನು ಯಾರೂ ನೋಡದೇ ಇರುವುದರಿಂದ ಎಂದೇ ನನಗನ್ನಿಸುತ್ತದೆ.

ಒಣಗಿದ್ದೇ ಹೌದಾದರೆ ಮೊದಲು ಪ್ರಿಂಟರಿನ ಸ್ವಂತ ‘ಹೆಡ್ ಕ್ಲೀನಿಂಗ್’. ಒಳಗಿನ ಪಂಪು ಶಾಯಿಯನ್ನು ಹೀರಿ ಬಾಯಿ ಬಿಡಿಸಲು ನೋಡುತ್ತದೆ. ಗೆರೆ ಬರಲಿಲ್ಲವೆಂದು ಇದನ್ನು ಹತ್ತು ಸಲ ಒತ್ತುವವರೇ ಹೆಚ್ಚು. ಮೂರು ಸಲ ಮಾಡಿ, ಆಗದಿದ್ದರೆ 12 ಗಂಟೆ ಸುಮ್ಮನೆ ಬಿಡಿ ಎನ್ನುವುದು ಎಪ್ಸನ್ ಕೈಪಿಡಿಗಳಲ್ಲೇ ಇರುವ ಮಾತು. ಬಿಟ್ಟ ಹೊತ್ತಿನಲ್ಲಿ ಹೊಸ ಶಾಯಿ ಹಳೆಯದನ್ನು ಮೆತ್ತಗೆ ಮಾಡುತ್ತದೆ. ಒತ್ತುತ್ತಲೇ ಇದ್ದರೆ ಶಾಯಿಯೆಲ್ಲ ತಳದ ಪ್ಯಾಡಿಗೆ ಸೇರಿ, ಪ್ಯಾಡ್ ತುಂಬಿತೆಂದು ಪ್ರಿಂಟರ್ ನಿಂತೇಬಿಡುತ್ತದೆ.

ಅದಕ್ಕೂ ಬಗ್ಗದಿದ್ದರೆ ಕೈ ಕೆಲಸ. ನೂಲು ಬಿಡದ ಬಟ್ಟೆಯ ಪಟ್ಟಿಯನ್ನು ಮಡಿಸಿ, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಹೆಡ್ಡಿನ ಕೆಳಗೆ ತೂರಿಸಿ ರಾತ್ರಿಯಿಡೀ ಬಿಡುತ್ತಾರೆ. ನಲ್ಲಿ ನೀರು ಏಕೆ ಬೇಡವೆಂದು ಕೇಳಿದೆ. ‘ನಿಮ್ಮನೆ ಗೀಸರ್ ಒಳಗೆ ನೋಡಿದೀರಾ ಸಾರ್?’ ಎಂದರು. ಬೋರ್‌ವೆಲ್ ನೀರಿನ ಸುಣ್ಣ ಅಷ್ಟು ದೊಡ್ಡ ಗೀಸರಿನಲ್ಲೇ ಪದರ ಕಟ್ಟುವಾಗ ಈ ರಂಧ್ರಗಳ ಗತಿ ಹೇಳಬೇಕಿಲ್ಲ.

ಮರುದಿನ ಬಟ್ಟೆ ತೆಗೆದಾಗ ಅದರ ಮೇಲೆ ಬಣ್ಣದ ಪಟ್ಟೆಗಳಿದ್ದವು: ಕಪ್ಪು, ನೀಲಿ, ಹಳದಿ ಗಾಢ, ಕೆಂಪು ಮಾತ್ರ ಮಸುಕು. ಕೆಂಪಿನ ನಳಿಗೆಗೆ ಮೆದು ಟ್ಯೂಬ್ ಹಾಕಿ, ಸಿರಿಂಜಿನಿಂದ ಅದೇ ನೀರನ್ನು ಬಿಟ್ಟರು. ಒಂದು ಮಿಲಿಲೀಟರ್ ಇಳಿಸಲು ಹತ್ತು ನಿಮಿಷ. ಹೆಬ್ಬೆರಳು ಸಿರಿಂಜನ್ನು ಒತ್ತುತ್ತಿದೆಯೋ ಇಲ್ಲವೋ ತಿಳಿಯದಷ್ಟು ಹಗುರ. ಜೋರಾಗಿ ಒತ್ತಿದರೆ ಹೆಡ್ಡಿನ ಒಳಪದರ ಬಿಟ್ಟುಕೊಂಡು ಬಣ್ಣಗಳು ಕಲೆಸುತ್ತವೆ, ಆಮೇಲೆ ರಿಪೇರಿಯೇ ಇಲ್ಲ. ಪಿನ್ನು ಚುಚ್ಚುವುದಂತೂ ಕೊಲೆಯೇ ಸರಿ. ಹೆಡ್ಡಿಗೆ ಬರುವ ಪಟ್ಟಿ ಕೇಬಲ್ಲಿನ ತುದಿ ಒದ್ದೆಯಿರುವಾಗಲೇ ಸ್ವಿಚ್ ಹಾಕಿದರೆ ಹೆಡ್ಡಿನ ಜೊತೆ ಬೋರ್ಡೂ ಸುಡುತ್ತದೆ. ಆದ್ದರಿಂದ ಟ್ಯಾಂಕಿನ ಎಪ್ಸನ್ ಪ್ರಿಂಟರುಗಳಲ್ಲಿ ಬಟ್ಟೆಯಿಡುವವರೆಗೆ ನಾವು ಮಾಡಿ, ಸಿರಿಂಜನ್ನು ಪಳಗಿದ ಕೈಗೆ ಬಿಡುವುದು ಒಳ್ಳೆಯದು.

ಎಚ್‌ಪಿಯ ಹಲವು ಕಾರ್ಟ್ರಿಜ್ ಪ್ರಿಂಟರುಗಳ ಕೆಲಸ ಸುಲಭ. ಅಲ್ಲಿ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಬಣ್ಣದ ಕಾರ್ಟ್ರಿಜನ್ನು ಹೊರತೆಗೆದು, ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಟಿಶ್ಯೂ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೆ ಮೂರು ಬಣ್ಣದ ಪಟ್ಟೆ ಮೂಡುತ್ತದೆ. ಮೂರೂ ಸ್ಪಷ್ಟವಾಗಿ ಮೂಡಿದರೆ ಬಾಯಿ ತೆರೆಯಿತು. ಹೀಗೆಲ್ಲ ಮಾಡಿಯೂ ಅದೇ ಜಾಗದ ಗೆರೆ ಬಾರದಿದ್ದರೆ ಒಳಗಿನ ಭಾಗವೇ ಸತ್ತಿರುತ್ತದೆ. ಆಗ ‘ಹೆಡ್ ಹೋಗಿದೆ’ ಎಂಬ ಮಾತು ನಿಜ.

ನಮ್ಮ ಪ್ರಿಂಟರಿನ ಕೆಂಪು ಎರಡನೆಯ ಸಂಜೆ ಬಂತು. ‘ಆರಿಸೋದು ಗೋಡೆ ಸ್ವಿಚ್ಚಿನಲ್ಲಾ?’ ಎಂದು ಅವರು ಕೇಳಿದರು. ಹೌದು, ಪ್ರತಿ ರಾತ್ರಿ. ರೋಗದ ಮೂಲ ಅದೇ ಆಗಿತ್ತು. ಪ್ರಿಂಟರಿನ ಗುಂಡಿ ಒತ್ತಿದರೆ ಹೆಡ್ ಬಲಮೂಲೆಗೆ ಸರಿದು ರಬ್ಬರ್ ಟೋಪಿಯ ಮೇಲೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಹೆಡ್ ಆಚೀಚೆ ಇರುವಾಗ ಗೋಡೆಯ ಸ್ವಿಚ್ ಆರಿಸಿದರೆ ನಡುದಾರಿಯಲ್ಲೇ ಬಾಯಿ ತೆರೆದು ನಿಲ್ಲುತ್ತದೆ.

ನಿಮ್ಮ ಮನೆಯಲ್ಲೂ ಪ್ರಿಂಟರ್ ಇದ್ದರೆ ಮೊದಲು ಅದರದೇ ಗುಂಡಿ ಒತ್ತಿ, ದೀಪ ಆರಿದ ಮೇಲೆ ಗೋಡೆಯ ಸ್ವಿಚ್ ಆರಿಸಿ. ಪ್ರಿಂಟ್ ಆಗುತ್ತಿರುವಾಗ ಕರೆಂಟ್ ಹೋದರೆ, ಬಂದ ಮೇಲೆ ಒಮ್ಮೆ ಹಾಕಿ ಆರಿಸಿ. ವಾರಕ್ಕೊಂದು ಹಾಳೆ ಬಣ್ಣದಲ್ಲಿ ತೆಗೆಯಿರಿ, ಊರಿಗೆ ಹೊರಡುವ ಹಿಂದಿನ ದಿನವೂ ಒಂದು.