ಏಳು ಸ್ವರ, ನೂರೆಂಟು ಸೊನ್ನೆ

ಸ ರಿ ಗ ಮ ಪ ದ ನಿ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲು ಎರಡು ಸೆಕೆಂಡು ಸಾಕು. ಕನ್ನಡ ವರ್ಣಮಾಲೆಯ 49 ಅಕ್ಷರಗಳಲ್ಲಿ ಸರಿಯಾಗಿ ಏಳನೇ ಒಂದು ಪಾಲು! ಕರ್ನಾಟಕ ಸಂಗೀತದ ಮೂಲ ಬಂಡವಾಳ ಇಷ್ಟೇ. ಇನ್ನು ಬಡ್ಡಿ ನೋಡೋಣ.

ಸ ಮತ್ತು ಪ ಕದಲುವುದಿಲ್ಲ. ಮಿಕ್ಕ ಐದರ ಏರುಪೇರು ಸೇರಿ 12 ಸ್ವರಸ್ಥಾನಗಳು. ಆ ಹನ್ನೆರಡನ್ನೇ ಕಟ್ಟುನಿಟ್ಟಾಗಿ ಜೋಡಿಸಿ 17ನೇ ಶತಮಾನದಲ್ಲಿ ವೆಂಕಟಮಖಿ ತನ್ನ ‘ಚತುರ್ದಂಡಿಪ್ರಕಾಶಿಕಾ’ದಲ್ಲಿ 72 ಮೇಳಗಳ, ಅಂದರೆ ಏಳೂ ಸ್ವರಗಳಿರುವ ಮೂಲ ರಾಗಗಳ, ಪಟ್ಟಿ ಹಾಕಿದ. ಅವನ ಕಾಲದಲ್ಲಿ ಬಳಕೆಯಲ್ಲಿದ್ದವು ಅವನೇ ಹೇಳುವಂತೆ 19. ಹತ್ತೊಂಬತ್ತು ಸಂಸಾರಗಳಿದ್ದ ಊರಿನಲ್ಲಿ 72 ಮನೆ ಕಟ್ಟಿಸಿ ಬೀಗದ ಕೈ ಹಿಡಿದು ನಿಂತ ಧೈರ್ಯ ಅದು! ಆಮೇಲೆ ಬಂದವರು ಆ ಮನೆಗಳನ್ನೆಲ್ಲ ತುಂಬಿದರು ಎನ್ನುವುದು ಬೇರೆ ಮಾತು.

ಒಂದೊಂದು ಮೇಳದಲ್ಲೂ ಒಂದೋ ಎರಡೋ ಸ್ವರ ಬಿಟ್ಟು ಏರಬಹುದು, ಬೇರೆ ಸ್ವರ ಬಿಟ್ಟು ಇಳಿಯಬಹುದು. ಹಾಗೆ ಹತ್ತಿ ಇಳಿಯುವ ದಾರಿಗಳು, ಏನನ್ನೂ ಬಿಡದ ಮೇಳವೂ ಸೇರಿ, 484. ಅದನ್ನು 72ರಿಂದ ಗುಣಿಸಿ: 34,848. ದಿನಕ್ಕೊಂದು ರಾಗದಂತೆ ಹಾಡುತ್ತಾ ಹೋದರೆ ಮುಗಿಸಲು 95 ವರ್ಷ ಬೇಕು. ಹುಟ್ಟಿದ ದಿನ ಶುರುಮಾಡಿದ ಮಗು ಮರಿಮಕ್ಕಳೆದುರು ಮಂಗಳ ಹಾಡಬೇಕು. ಮೋಹನದಂಥ ರಾಗ ಒಂದಕ್ಕಿಂತ ಹೆಚ್ಚು ಮೇಳಗಳಲ್ಲಿ ಹುಟ್ಟುತ್ತದೆ, ಆದ್ದರಿಂದ ನಿಜವಾದ ಲೆಕ್ಕ ತುಸು ಕಡಿಮೆ ಎಂದು ವಿದ್ವಾಂಸರು ಆಕ್ಷೇಪಿಸಿಯಾರು. ಆಗಲಿ, ಕಳೆದುಕೊಳ್ಳಿ. ಮುಂದೆ ಬರುವುದರೆದುರು ಇದೆಲ್ಲ ಚಿಲ್ಲರೆ.

 

ಪುರಂದರದಾಸರು 4,75,000 ಕೃತಿಗಳನ್ನು ರಚಿಸಿದರು ಎನ್ನುತ್ತದೆ ಪರಂಪರೆ. ಅವರ ಆಯುಷ್ಯ 80 ವರ್ಷವೆಂದು ಹಿಡಿದರೆ, ತೊಟ್ಟಿಲಿನಲ್ಲಿದ್ದಾಗಿನಿಂದಲೇ ದಿನಕ್ಕೆ 16 ಹಾಡು! ಅದೇ ಪರಂಪರೆ ಇಂದಿಗೂ ಕರ್ನಾಟಕ ಸಂಗೀತಕ್ಕೆ ಕೂತ ಮಕ್ಕಳು ಮೊದಲ ಪಾಠವಾಗಿ ಕಲಿಯುವ ಸರಳೆ ವರಸೆಯನ್ನೂ ಅವರ ಹೆಸರಿಗೇ ಬರೆದಿದೆ. ನನ್ನನ್ನು ಕೇಳಿದರೆ, ಇವೆರಡರಲ್ಲಿ ಹೆಚ್ಚು ದಿಗಿಲು ಹುಟ್ಟಿಸುವುದು ಲಕ್ಷಗಟ್ಟಲೆ ಹಾಡಲ್ಲ, ಸರಳೆ ವರಸೆ.

ಏಕೆಂದರೆ ಕೇಳಿ. 13ನೇ ಶತಮಾನದಲ್ಲಿ, ಸೇವುಣರ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಏಳೂ ಸ್ವರಗಳನ್ನು ಒಂದೊಂದೇ ಸಲ ಬಳಸಿ ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಲೆಕ್ಕ ಹಾಕಿದ. ಉತ್ತರ 5,040. ಸೆಕೆಂಡಿಗೊಂದು ಸ್ವರದಂತೆ ಹಾಡಿದರೆ ಹತ್ತು ಗಂಟೆಯೊಳಗೆ ಮುಗಿಯಿತು. ಬೆಳಗ್ಗೆ ಆರಕ್ಕೆ ಕುಳಿತವರು ಸಂಜೆ ನಾಲ್ಕರ ಕಾಫಿಗೆ ಏಳಬಹುದು.

ಈಗ ಒಂದೇ ಒಂದು ಸಡಿಲಿಕೆ ಕೊಡಿ: ಬಂದ ಸ್ವರ ಮತ್ತೆ ಬರಬಹುದು. ಆದಿತಾಳದ ಒಂದು ಆವರ್ತನಕ್ಕೆ 8 ಅಕ್ಷರ, ಅಕ್ಷರಕ್ಕೊಂದು ಸೆಕೆಂಡು. ಸರಳೆಯ ಒಂದನೇ ಕಾಲದಲ್ಲಿ 8 ಸ್ವರ, ಎರಡನೇ ಕಾಲದಲ್ಲಿ 16, ಮೂರನೇ ಕಾಲದಲ್ಲಿ 32. ಒಂದನೇ ಕಾಲದಲ್ಲಿ ಸಾಧ್ಯವಿರುವ ಬೇರೆ ಬೇರೆ ಆವರ್ತನಗಳು 57,64,801. ಊಟ ನಿದ್ದೆ ಬಿಟ್ಟು ಹಾಡಿದರೆ ಒಂದೂವರೆ ವರ್ಷ. ಪರವಾಗಿಲ್ಲ, ಹಟಮಾರಿಗಳು ನಮ್ಮಲ್ಲಿದ್ದಾರೆ. ಎರಡನೇ ಕಾಲಕ್ಕೆ ಬನ್ನಿ: 33 ಲಕ್ಷ ಕೋಟಿ ಆವರ್ತನ, ಹಾಡಲು 84 ಲಕ್ಷ ವರ್ಷ. ಪುರಾಣಗಳು ಜೀವಕ್ಕೆ ಹೇಳುವ 84 ಲಕ್ಷ ಯೋನಿಗಳಲ್ಲಿ ಒಂದೊಂದರಲ್ಲೂ ಹುಟ್ಟಿ, ಹುಟ್ಟಿದಾಗಲೆಲ್ಲ ಒಂದು ವರ್ಷ ಅಭ್ಯಾಸ ಮಾಡಿದಂತೆ!

ಮೂರನೇ ಕಾಲ? 1ರ ಮುಂದೆ 27 ಸೊನ್ನೆ ಬರೆದರೂ ತುಸು ಕಡಿಮೆಯೇ ಆಗುವಷ್ಟು ಆವರ್ತನಗಳು. ಒಬ್ಬರಿಗೆ ಆಗದ ಮಾತು. ಭೂಮಿಯ ಮೇಲಿನ 800 ಕೋಟಿ ಜನರನ್ನೂ ಕೂರಿಸಿ, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡದಂತೆ ಹಂಚಿಕೊಟ್ಟು ತಾಳ ಹಾಕಿಸಿದರೂ 3,500 ಕೋಟಿ ವರ್ಷ ಹಿಡಿಯುತ್ತದೆ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಮಹಾಸ್ಫೋಟದ ದಿನವೇ ಶ್ರುತಿಪೆಟ್ಟಿಗೆ ಹಚ್ಚಿದ್ದರೂ ಇವತ್ತಿಗೆ ಹತ್ತರಲ್ಲಿ ನಾಲ್ಕು ಪಾಲೂ ಮುಗಿದಿರುತ್ತಿರಲಿಲ್ಲ. ಇದರಲ್ಲಿ ಎಲ್ಲವೂ ಕೇಳುವಂತಿರುವುದಿಲ್ಲ ಎಂಬುದು ನಿಜ; ಮೂವತ್ತೆರಡು ಸಲ ‘ನಿ’ ಎಂದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಆದರೂ ಲೆಕ್ಕ ಲೆಕ್ಕವೇ.

ಇಷ್ಟಕ್ಕೂ ಹಾಡುವವರು ಬರೀ ಸ್ವರ ಹೇಳುವುದಿಲ್ಲ, ನಿಲ್ಲುತ್ತಾರೆ, ಎಳೆಯುತ್ತಾರೆ. ನಮ್ಮ ಸ್ವರಲಿಪಿಯಲ್ಲಿ ಅದಕ್ಕೊಂದು ಪುಟ್ಟ ಚಿಹ್ನೆಯಿದೆ, ಅಲ್ಪವಿರಾಮ. ಏಳು ಅಕ್ಷರಗಳ ಪಕ್ಕ ಎಂಟನೆಯದಾಗಿ ಅದನ್ನೊಂದು ಕೂರಿಸಿ ನೋಡಿ. ಮೂರನೇ ಕಾಲದ ಮೊತ್ತ ಎಷ್ಟು ಪಟ್ಟು ಹಿಗ್ಗುತ್ತದೆ ಗೊತ್ತೇ? ಹತ್ತಿರ ಹತ್ತಿರ 72! ಮೇಳಗಳಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಅಂಕಿಗಳ ತುಂಟತನ ಅಷ್ಟೇ. 800 ಕೋಟಿ ಗಾಯಕರ ಕೆಲಸ ಮಾತ್ರ ಎರಡೂವರೆ ಲಕ್ಷ ಕೋಟಿ ವರ್ಷಕ್ಕೆ ಬೆಳೆಯಿತು. ಒಂದು ಚುಕ್ಕೆ, ಅದಕ್ಕೊಂದು ಬಾಲ, ಅಷ್ಟಕ್ಕೆ!

ಆದಿತಾಳ ಮಕ್ಕಳ ತಾಳ. 108 ತಾಳಗಳ ಪಟ್ಟಿಯಲ್ಲಿ ಸಿಂಹನಂದನ ಎಂಬುದೊಂದಿದೆ. ಅದರ ಒಂದು ಆವರ್ತನಕ್ಕೆ 128 ಅಕ್ಷರ, ಹದಿನಾರು ಆದಿತಾಳ ಒಟ್ಟಿಗೆ ನುಂಗಿದಷ್ಟು. ಅಲ್ಪವಿರಾಮ ಬೇಡ, ವೇಗ ಬೇಡ, ಅಕ್ಷರಕ್ಕೊಂದೇ ಸ್ವರದಂತೆ ಒಂದನೇ ಕಾಲದಲ್ಲೇ ಎಣಿಸಿ. 1ರ ಮುಂದೆ ಸೊನ್ನೆಗಳನ್ನಿಡುತ್ತಾ ಹೋದರೆ, ನಂಬಿ, 108 ಸೊನ್ನೆ. ಬಂದ ಸಂಖ್ಯೆಗೆ ಅದರ ಅರ್ಧ ಸೇರಿಸಿ. ನಮಗೆ ಕಾಣುವ ವಿಶ್ವದ ಪರಮಾಣುಗಳೆಲ್ಲ ಸೇರಿ 1ರ ಮುಂದೆ ಸುಮಾರು 80 ಸೊನ್ನೆ ಎಂದು ಅಂದಾಜು. ಪರಮಾಣುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸಿಂಹನಂದನದ ಆವರ್ತನಗಳನ್ನು ಸಮನಾಗಿ ಹಂಚಿದರೆ, ಒಂದೊಂದು ಪರಮಾಣುವಿನ ಪಾಲಿಗೆ ಬರುವುದು ಒಂದೆರಡಲ್ಲ. ಮನುಕುಲವೆಲ್ಲ ಸೇರಿ ಮುಗಿಸಲಾಗದ ಆ ಮೂರನೇ ಕಾಲದ ರಾಶಿ ಇತ್ತಲ್ಲ, ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು.

ಸಿಂಹನಂದನದ ಮೂರನೇ ಕಾಲಕ್ಕೆ ಹೋದರೆ ಮೊತ್ತದ ಅಂಕಿಗಳೇ 433. ಇದೆಲ್ಲ ಒಂದೇ ಮೇಳದಲ್ಲಿ, ಒಂದೇ ಸ್ಥಾಯಿಯಲ್ಲಿ. ಶಾರ್ಙ್ಗದೇವ ಹೇಳಿದ 15 ಗಮಕಗಳನ್ನು ಲೆಕ್ಕಕ್ಕೆ ಇನ್ನೂ ಸೇರಿಸಿಯೇ ಇಲ್ಲ.